ವಾಸನೆಯಿಲ್ಲದ ಬಕೆಟ್

ಎಲ್ಲ ರಗಳೆಗೂ ಮೂಲ, ಚೊಕ್ಕಮ್ಮನ ಮನೆಯ ಕಸ ನಾರದೇ ಇದ್ದದ್ದು.

ಚೊಕ್ಕಮ್ಮ ಎಂಬುದು ಕಟ್ಟಡದವರು ಇಟ್ಟ ಹೆಸರು. ತರಕಾರಿ ಸಿಪ್ಪೆಯಿಂದ, ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ಚಮಚ ಮಾಡುವ ಕಾರ್ಖಾನೆಯವರು ಅಲ್ಲಿ ಸಿಪ್ಪೆ ಹಾಕಿಡಲು ಮನೆಮನೆಗೂ ಒಂದೇ ತರಹದ ಹಸಿರು ಬಕೆಟ್ ಕೊಟ್ಟಿದ್ದರು. ಅದು ಇರಬೇಕಾದದ್ದು ಬಾಗಿಲ ಹೊರಗೆ, ಹೋಗಿಬರುವವರೆಲ್ಲ ಇಣುಕುವ ಜಾಗದಲ್ಲಿ. ಹೆಂಗಸು ಎಂಥವಳೆಂಬುದನ್ನು ಜನ ಅವಳು ಬಡಿಸಿದ್ದಕ್ಕಿಂತ ಎಸೆದದ್ದನ್ನು ನೋಡಿಯೇ ಅಳೆಯುತ್ತಾರೆಂದು ಚೊಕ್ಕಮ್ಮ ನಂಬಿದ್ದಳು. ಹಾಗಾಗಿ ದಿನಾ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸಿಪ್ಪೆಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಕೆಟ್ಟಿಗೆ ಹಾಕುತ್ತಿದ್ದಳು. ಗುಟ್ಟು ಗಂಡನಿಗೆ ಮಾತ್ರ ಗೊತ್ತಿತ್ತು.

"ನಾಳೆ ಕಸಕ್ಕೆ ಎಣ್ಣೆ ಹಚ್ಚಿ ತಲೆ ಬಾಚ್ತೀಯೇನೆ?" ಎಂದು ಅವನು ನಕ್ಕಿದ್ದ. ಕಟ್ಟಡವೆಲ್ಲ ಹೀಗೆ ನಕ್ಕರೆ ಮೆಟ್ಟಿಲಿಳಿಯುವುದಾದರೂ ಹೇಗೆ?

ಅವತ್ತು ಬೆಳಿಗ್ಗೆ ಎದುರು ಮನೆಯ ರೇಡಿಯೋ ಅಕ್ಕ ಬಾಗಿಲು ತಟ್ಟಿದಳು. ಆಕೆಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ.

"ಗೊತ್ತಾಯ್ತೇನೆ? ಚಮಚದಲ್ಲಿ ವಿಷ ಸಿಕ್ಕಿದೆಯಂತೆ! ಬಾಯಿಗಿಡೋ ಚಮಚ! ನಮ್ಮಲ್ಲೇ ಯಾರದೋ ಸಿಪ್ಪೆಯಿಂದ ಬಂದಿದ್ದಂತೆ. ಮಧ್ಯಾಹ್ನ ಪರೀಕ್ಷೆ ಮಾಡೋಕೆ ಬರ್ತಾರೆ."

"ಅಯ್ಯೋ, ಯಾರ ಮನೇದಂತೆ ಅಕ್ಕಾ?"

ಅಕ್ಕ ಬಗ್ಗಿ ಚೊಕ್ಕಮ್ಮನ ಬಕೆಟ್ಟನ್ನು ಮೂಸಿದಳು. "ನಿಂದು ಮಾತ್ರ ಯಾಕೆ ನಾರಲ್ಲ? ಏನಾದ್ರೂ ಔಷಧಿ ಹಾಕ್ತೀಯಾ?"

"ನಾನ್ಯಾಕೆ ಹಾಕ್ಲಿ ಅಕ್ಕಾ!"

"ನಾನಲ್ಲಮ್ಮ ಕೇಳ್ತಿರೋದು, ಜನ ಕೇಳ್ತಿದ್ದಾರೆ," ಎಂದು ಆ ಜನರನ್ನು ತಯಾರುಮಾಡಲು ಅಕ್ಕ ಮೇಲಿನ ಮಹಡಿಗೆ ಹೊರಟಳು.

ಚೊಕ್ಕಮ್ಮ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದಳು. ತೊಳೆಯುತ್ತೇನೆ ಎಂದರೆ ನಗೆಪಾಟಲು. ಎನ್ನದಿದ್ದರೆ ವಿಷ ಹಾಕುವವಳು. ಅಷ್ಟರಲ್ಲಿ ಕಣ್ಣು ಅಕ್ಕನ ಬಾಗಿಲಿನ ಬಕೆಟ್ಟಿನ ಮೇಲೆ ಬಿತ್ತು. ಅದು ಗಬ್ಬು ನಾರುತ್ತಿತ್ತು. ಎಷ್ಟು ಸಹಜವಾದ, ಮರ್ಯಾದಸ್ಥ ನಾತ! ಅತ್ತಿತ್ತ ನೋಡಿದವಳೇ, ಬೆಕ್ಕು ಮರಿ ಸಾಗಿಸುವಂತೆ ಎರಡು ಬಕೆಟ್ಟುಗಳನ್ನೂ ಅದಲುಬದಲು ಮಾಡಿ ಒಳಸೇರಿಕೊಂಡಳು. ಅಕ್ಕ ಕಸ ತೊಳೆಯುತ್ತಾಳೆಂದು ಹೇಗೂ ಯಾರೂ ನಂಬುವುದಿಲ್ಲ.

ಮಧ್ಯಾಹ್ನ ಕಾರ್ಖಾನೆಯ ಹುಡುಗಿ ಬಂದಳು, ಅವಳ ಹಿಂದೆಯೇ ಅರ್ಧ ಕಟ್ಟಡ. ಸಿಪ್ಪೆಯ ಚೂರನ್ನು ನೀರಲ್ಲಿ ಅಲ್ಲಾಡಿಸಿ ಕಾಗದದ ಪಟ್ಟಿ ಅದ್ದಿದಳು.

"ನೀಲಿಯಾದ್ರೆ ಒಳ್ಳೇದು. ಬಿಳೀನೇ ಉಳಿದ್ರೆ ವಿಷ ಇದೆ ಅಂತ."

ಚೊಕ್ಕಮ್ಮನ ಬಾಗಿಲಲ್ಲಿ ಅದ್ದಿದ ಪಟ್ಟಿ, ಕಟ್ಟಿಸಿದ ಹಲ್ಲಿನಂತೆ ಬೆಳ್ಳಗೇ ಉಳಿಯಿತು.

"ಮೇಡಂ, ಬಕೆಟ್ಟಿಗೆ ಜಿರಳೆ ಸ್ಪ್ರೇ ಹೊಡೀತೀರಾ? ನೊಣ ಬರಬಾರ್ದು ಅಂತ ಕೆಲವರು ಹೊಡೀತಾರೆ. ಒಂದು ಬಕೆಟ್ಟಿಗೆ ಹೊಡೆದ್ರೂ ಚಮಚಗಳೆಲ್ಲ ಹಾಳು."

ಚೊಕ್ಕಮ್ಮ ಅಕ್ಕನನ್ನು ನೋಡಿದಳು. ಅಕ್ಕ ಸೂರು ನೋಡುತ್ತಿದ್ದಳು. ಅದು ನನ್ನ ಬಕೆಟ್ಟಲ್ಲ ಎನ್ನಲು ಚೊಕ್ಕಮ್ಮ ಬಾಯಿ ತೆರೆದಳು. ಕಸ ಕದ್ದವಳು ಎನ್ನಿಸಿಕೊಳ್ಳಬೇಕಾಗುತ್ತದೆಂದು ಹೊಳೆದು ಮುಚ್ಚಿದಳು.

ಎದುರು ಬಾಗಿಲಲ್ಲಿ ಪಟ್ಟಿ ಅದ್ದುವುದೇ ತಡ, ನೀಲಿಯೆಂದರೆ ನೀಲಿ.

"ಇಷ್ಟು ಶುದ್ಧವಾದ ಸಿಪ್ಪೆ ನಾನು ನೋಡೇ ಇಲ್ಲ!" ಎಂದಳು ಹುಡುಗಿ. "ತೊಳೀತೀರಾ ಮೇಡಂ?"

ತನ್ನ ಬಕೆಟ್ ಹೇಗೆ ಪಾಸಾಯಿತೆಂದು ಅಕ್ಕನಿಗೂ ತಿಳಿಯಲಿಲ್ಲ. ಆದರೆ ಬಾಗಿಲಿಗೆ ಬಂದ ಹೊಗಳಿಕೆಯನ್ನು ಹಿಂದೆ ಕಳಿಸುವ ಹೆಂಗಸಲ್ಲ ಅವಳು.

"ಹೂಂ ಮತ್ತೆ, ದಿನಾ ತೊಳೀತೀನಿ. ಕಸ ಅಂದ್ರೆ ಅದಕ್ಕೂ ಒಂದು ಮರ್ಯಾದೆ ಬೇಡ್ವಾ?"

ಯಾರೂ ನಗಲಿಲ್ಲ. ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಈ ಮೇಡಂಗೂ ಸ್ವಲ್ಪ ಹೇಳಿಕೊಡಿ," ಎಂದು ಹುಡುಗಿ ಚೊಕ್ಕಮ್ಮನತ್ತ ತೋರಿಸಿದಳು.

ಸಂಜೆ ಅಕ್ಕ ಚೊಕ್ಕಮ್ಮನ ಸಿಂಕಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಚೊಕ್ಕಮ್ಮ ಸಿಪ್ಪೆ ತೊಳೆಯುತ್ತಿದ್ದಳು, ಮೊದಲ ಸಲ ಬಾಗಿಲು ತೆರೆದಿಟ್ಟುಕೊಂಡು. ಕದ್ದು ಮಾಡುತ್ತಿದ್ದ ಕೆಲಸವನ್ನು ಎಲ್ಲರ ಎದುರು ಮಾಡುವಾಗ ಮನಸ್ಸು ಇಷ್ಟು ಹಗುರಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಏನಾದರೂ ಗುನುಗಬೇಕೆನ್ನಿಸಿತು.

"ಪರವಾಗಿಲ್ಲ ಕಣೇ, ಬೇಗ ಕಲಿತೆ," ಎಂದಳು ಅಕ್ಕ, ತನ್ನ ಬಕೆಟ್ಟನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತ. "ನಾಳೆಯಿಂದ ನಂದೂ ನೀನೇ ತೊಳಿ. ಕೈ ಇನ್ನೂ ಸ್ವಲ್ಪ ಪಳಗ್ಲಿ."