ಪತಂಗ, ಮರ ಕಾಂಗರೂ ಮತ್ತು ಮೂರು ಡೆಮೊ ಪಾಠ

ನಾನು ಎಷ್ಟೇ ತಯಾರಿ ಮಾಡಿಕೊಂಡು ಹೋದರೂ ಡೆಮೊ ಪಾಠದ ದಿನ ಏನಾದರೊಂದು ಆಗದೆ ಇರುವುದಿಲ್ಲ. ಬಿ.ಎಸ್ಸಿ. ಮುಗಿದ ವರ್ಷ ವಿಜ್ಞಾನ ಶಿಕ್ಷಕನ ಕೆಲಸಕ್ಕಾಗಿ ಮೂರು ಊರುಗಳಲ್ಲಿ ಒಂದೇ ಪಾಠ ಮಾಡಿದೆ: ಎಲ್ಲೆಡೆ ಕಾಣುವ ಪತಂಗಕ್ಕೂ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಅಳಿವಿನಂಚಿನ ಮರ ಕಾಂಗರೂವಿಗೂ ಹೋಲಿಕೆ. ಸೈಬರ್ ಕೆಫೆಯಲ್ಲಿ ಚಿತ್ರ ತೆಗೆಸಿ ಚಾರ್ಟ್ ಮಾಡಿದ್ದೆ. ಜೂನ್ ಒಳಗೆ ಕೆಲಸ ಸಿಗದಿದ್ದರೆ ಮಾವನ ಸಿಮೆಂಟ್ ಅಂಗಡಿ ಎಂದು ಅಪ್ಪ ಹೇಳಿಬಿಟ್ಟಿದ್ದರು.

ರಾಣೆಬೆನ್ನೂರು

ಪತಂಗವನ್ನು ಬಾಟಲಿಯಲ್ಲಿ ಒಯ್ದಿದ್ದೆ. ಮುಚ್ಚಳ ತೆಗೆದದ್ದೇ ಅದು ಹಾರಿ ಹೆಡ್ ಮಾಸ್ತರರ ಬೋಳುತಲೆಯ ಮೇಲೆ ಕೂತಿತು. ಅವರು ಕದಲಲಿಲ್ಲ.

"ಅಳಿವಿನಂಚಿಂದು ಅಂದ್ರಲ್ಲ, ಅದು ಯಾವ್ದರಿ?" ಮೆಲ್ಲಗೆ ಕೇಳಿದರು.

"ಮರ ಕಾಂಗರೂ ಸರ್."

"ಇದಲ್ಲ? ಖರೇ?"

"ಅಲ್ಲರಿ."

ಪಟ್ಟನೆ ತಲೆಯ ಮೇಲೆ ಹೊಡೆದುಕೊಂಡರು. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಮತ್ತ್ಯಾರಿಗೂ ತಿಳಿದಿರಲಿಲ್ಲ. ಕೆಲಸ ಮಾತ್ರ ಸಿಗಲಿಲ್ಲ.

ಬ್ಯಾಡಗಿ

ಈ ಸಲ ಚಾರ್ಟ್ ಮಾತ್ರ. ಪಾಠ ಕೇಳಲು ಕೂತ ಆಡಳಿತ ಮಂಡಳಿಯ ಮೂವರೂ ಮೆಣಸಿನಕಾಯಿ ವ್ಯಾಪಾರಿಗಳು.

"ಈ ಮರ ಕಾಂಗರೂ ನೀವು ನೋಡೀರೇನು?" ಅಧ್ಯಕ್ಷರು ಕೇಳಿದರು.

"ಇಲ್ಲರಿ. ನ್ಯೂಗಿನಿ ಕಾಡಿನ್ಯಾಗ ಇರತೈತಿ."

"ಸ್ಯಾಂಪಲ್ ಇಲ್ಲದ ಮಾಲು. ಹೋಗ್ಲಿ, ಪತಂಗದ್ದು ಹೇಳ್ರಿ."

"ಅದು ಎಲ್ಲಾ ಕಡೆ ಐತ್ರಿ. ಇಲ್ಲಿಯ ಗೋದಾಮಿನ್ಯಾಗೂ ಮೆಣಸಿನಕಾಯಿಗೆ ಹುಳ ಬೀಳಸ್ತೈತಿ..."

"ನನ್ನ ಗೋದಾಮಿನ್ಯಾಗ ಇಲ್ಲ," ಎಂದರು ಅಧ್ಯಕ್ಷರು, ಪಕ್ಕದವರನ್ನು ನೋಡುತ್ತ.

"ನನ್ನಲ್ಲೂ ಇಲ್ಲ," ಎಂದರು ಎರಡನೆಯವರು.

"ನಾ ಪತಂಗ ನೋಡೇ ಇಲ್ಲ," ಎಂದರು ಮೂರನೆಯವರು.

ಎರಡು ನಿಮಿಷದಲ್ಲಿ ಬ್ಯಾಡಗಿಯ ಪತಂಗ ಮರ ಕಾಂಗರೂಗಿಂತ ಅಪರೂಪವಾಯಿತು.

ಹಾವೇರಿ

ಇದು ಕೊನೆಯದು. ಆತಂಕದಲ್ಲಿ ಚಾರ್ಟನ್ನೂ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ. ಬರಿಗೈಯಲ್ಲಿ ಪಾಠ ಮುಗಿಸಿ ಕೇಳಿದೆ: "ಎರಡಕ್ಕೂ ಇರುವ ಸಾಮ್ಯ ಏನು?"

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಎರಡನ್ನೂ ನೀವು ತೋರಸ್ಲಿಲ್ಲರಿ ಸರ್."

ಹೆಡ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಿಮೆಂಟ್ ಅಂಗಡಿಯೇ ಗತಿ ಅಂದುಕೊಂಡೆ. ಅವರು ಆಫೀಸಿಗೆ ಕರೆದು ಅರ್ಜಿಗಳ ಕಟ್ಟು ತೋರಿಸಿದರು.

"ಬಿ.ಎಸ್ಸಿ. ಆದವ್ರು ಪತಂಗ ಬಂದಂಗ ಬರ್ತಾರ. ಕಾಗಿನೆಲೆ ಶಾಖೆಗೆ ಮುಂಜಾನೆ ಮೊದಲ ಬಸ್ಸಿಗೆ ಹೋಗಬೇಕು ಅಂದ್ರ ಒಬ್ರೂ ಇಲ್ಲ. ನೀವು ಹೋಗ್ತೀರೇನು?"

"ಹೋಗ್ತೇನ್ರಿ ಮೇಡಂ."

ಅವರು ಜವಾನನತ್ತ ತಿರುಗಿದರು. "ಬಾಗಲಾ ಹಾಕಪ್ಪ. ಒಂದ ಮರ ಕಾಂಗರೂ ಸಿಕ್ಕೈತಿ. ಆರ್ಡರ್ ಟೈಪ್ ಆಗೂತನಕ ಜಿಗಿದು ಹೋಗಬಾರದು."