ಕುತ್ತಿಗೆ ಮುಟ್ಟುವ ಅತ್ತೆ

ನನ್ನ ಸೋದರತ್ತೆ ಯಾರಿಗೂ ಕೈಮುಗಿದು ನಮಸ್ಕಾರ ಮಾಡಿದ್ದನ್ನು ನಾನು ನೋಡಿಲ್ಲ. ಅಹಂಕಾರ ಎಂದುಕೊಳ್ಳಬೇಡಿ! ಆ ಕೈಗೆ ಬಿಡುವಿದ್ದರೆ ತಾನೆ ಮುಗಿಯುವುದು? ಎದುರಿಗೆ ಯಾರು ಬಂದರೂ ಅದು ನೇರ ಅವರ ಕುತ್ತಿಗೆಗೆ ಹೋಗುತ್ತಿತ್ತು. ಹಿಚುಕಲಿಕ್ಕಲ್ಲ ಮಾರಾಯ್ರೇ, ಜ್ವರ ಉಂಟೋ ಇಲ್ಲವೋ ಎಂದು ನೋಡಲಿಕ್ಕೆ! ನಮ್ಮೂರು ಮುಂಡಾಜೆಯಲ್ಲಿ ಬಸ್ಸು ನಿಂತರೆ ಇಳಿದವರ ಕುತ್ತಿಗೆ ಮೊದಲು ಅತ್ತೆಗೆ, ಆಮೇಲೆ ಅವರವರ ಮನೆಯವರಿಗೆ. ಕಂಡಕ್ಟರನಂತೂ ಅತ್ತೆಯನ್ನು ಕಂಡ ಕೂಡಲೇ ಕಾಲರಿನ ಗುಂಡಿ ತಾನೇ ಬಿಚ್ಚಿ, "ಬೇಗ ನೋಡಿ ಅಮ್ಮ, ಬಸ್ಸು ಹೊರಡ್ಲಿಕ್ಕುಂಟು" ಎನ್ನುತ್ತಿದ್ದ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಘಟ್ಟದ ಬುಡದ ನಮ್ಮ ಊರುಗಳಲ್ಲಿ ಚಳಿಜ್ವರ ಕರೆಯದೆ ಬಂದು ಉಳಿದುಬಿಟ್ಟ ನೆಂಟ. ಸರಕಾರ ಮನೆಮನೆಗೆ ಒಬ್ಬನನ್ನು ಸೈಕಲ್ಲಿನಲ್ಲಿ ಕಳಿಸುತ್ತಿತ್ತು. ಎಲ್ಲರಿಗೂ ಅವನು 'ಮಲೇರಿಯಾದವ'. ಅವನದು ಒಂದೇ ಪ್ರಶ್ನೆ: "ಜ್ವರ ಉಂಟಾ?" ಊರಿನದು ಒಂದೇ ಉತ್ತರ: "ಇಲ್ಲಪ್ಪ!" ಉಂಟು ಎಂದರೆ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ತುಂಡಿಗೆ ರಕ್ತ ಒತ್ತಿಕೊಂಡು ಹೋಗುತ್ತಾನಲ್ಲ! ಅದೂ ಹೋಗಲಿ, ಜ್ವರದ ಮನೆ ಎಂದು ಹೆಸರು ಬಿದ್ದರೆ ಹೆಣ್ಣು ಕೊಡುವವರು ಯಾರು?

ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಮರಳಿದ್ದ ಅತ್ತೆಗೆ ಈ 'ಇಲ್ಲಪ್ಪ' ಕೇಳಿದರೆ ಮೈ ಉರಿಯುತ್ತಿತ್ತು. ಮಲೇರಿಯಾದವನ ಸೈಕಲ್ಲಿಗಿಂತ ಮುಂದೆ ಇವರು! ಪಕ್ಕದ ಮನೆಯ ಯಜಮಾನರು ಜಗಲಿಯಲ್ಲಿ ನಿಂತು "ನಾವೆಲ್ಲ ಗಟ್ಟಿ ಇದ್ದೇವೆ" ಎನ್ನುವಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

"ಇದೇನು, ಬಾಯಲ್ಲಿ ತಾಳ ಹಾಕ್ತೀರಾ? ಕೊಡಿ ಬೆರಳು!" ಎಂದರು ಅತ್ತೆ. ಯಜಮಾನರು ತೆಪ್ಪಗೆ ಕೊಟ್ಟರು.

ಸರಕಾರದವರು ಗೋಡೆಗೆ ಸೊಳ್ಳೆಮದ್ದು ಡಿಡಿಟಿ ಹೊಡೆದು ಹೋದರೆ, ಬಿಳಿ ಕಲೆ ಚಂದ ಕಾಣುವುದಿಲ್ಲವೆಂದು ಹೆಂಗಸರು ಮರುದಿನವೇ ಅದರ ಮೇಲೆ ಸೆಗಣಿ ಸಾರಿಸುತ್ತಿದ್ದರು. ಸೊಳ್ಳೆಗಳಿಗೆ ಗೃಹಪ್ರವೇಶ! ಅತ್ತೆ ಹೋಗಿ ಸೆಗಣಿಯ ಬುಟ್ಟಿಯನ್ನೇ ಕಿತ್ತುಕೊಂಡು ಬರುತ್ತಿದ್ದರು. ನಮ್ಮ ಹಿತ್ತಿಲಿನಲ್ಲಿ ಊರಿನ ಬುಟ್ಟಿಗಳೆಲ್ಲ ಸಾಲಾಗಿ ಕೂತಿದ್ದವು.

ಇಂಥ ಅತ್ತೆ ಮನೆಯಲ್ಲಿರುವಾಗ ನನ್ನ ಅಕ್ಕನ ಮದುವೆ ಬಂತು. ವರ ನೆರಿಯ ಊರಿನವನು. "ಇವತ್ತೊಂದು ದಿನ ಕೈ ಸುಮ್ಮನೆ ಇಟ್ಟುಕೋ ಅಕ್ಕ, ನಿನ್ನ ಕಾಲಿಗೆ ಬೀಳ್ತೇನೆ" ಎಂದು ಅಪ್ಪ ಅತ್ತೆಯನ್ನು ಮೊದಲೇ ಬೇಡಿಕೊಂಡಿದ್ದರು. ಧಾರೆ ನಡೆಯುವಲ್ಲಿಗೆ ವಿಧವೆ ಹೋಗುವ ಕ್ರಮವೂ ಇರಲಿಲ್ಲ. ಅತ್ತೆ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು.

ಅಕ್ಕನ ಕೈಯನ್ನು ವರನ ಕೈಯಲ್ಲಿಟ್ಟು ನೀರೆರೆಯಬೇಕು, ಅಷ್ಟರಲ್ಲಿ ಅತ್ತೆ ಜನರನ್ನು ಸೀಳಿಕೊಂಡು ಬಂದವರೇ ವರನ ಕುತ್ತಿಗೆಗೆ ಕೈಯಿಟ್ಟರು.

"ಹುಡುಗನಿಗೆ ಜ್ವರ ಉಂಟು!"

ಓಲಗ ನಿಂತಿತು. ವರನ ಸೋದರಮಾವ ಕೆಂಡವಾದರು. "ಜ್ವರವೂ ಇಲ್ಲ, ಎಂಥದೂ ಇಲ್ಲ! ಬಿಸಿಲಿಗೆ ಬಂದದ್ದಲ್ವಾ?"

"ಬಿಸಿಲಿಗೆ ಬಂದವರು ನಡುಗ್ತಾರಾ?"

"ಸಂಬಂಧ ಮುರಿಯುವ ಅಂದಾಜು ಉಂಟಾ ನಿಮಗೆ?"

"ಧಾರೆ ಆಗ್ಲಿ. ಆದ್ರೆ ರಕ್ತ ಕೊಟ್ಟು, ಮಾತ್ರೆ ನುಂಗಿ ಆದ ಮೇಲೆ." ಅತ್ತೆ ಅಕ್ಕನ ಕೈಯನ್ನು ಹಿಂದಕ್ಕೆ ಎಳೆದು ತಮ್ಮ ಕೈಯಲ್ಲಿ ಹಿಡಿದು ನಿಂತರು. ಬಿಡಿಸುವ ಧೈರ್ಯ ಯಾರಿಗಿತ್ತು?

ಮಲೇರಿಯಾದವ ಊಟಕ್ಕೆ ಬಂದಿದ್ದ. ಅವನ ಚೀಲವನ್ನೂ ತರಲು ಅತ್ತೆಯೇ ಹೇಳಿದ್ದರಂತೆ! ಹೂಮಾಲೆ ಹಾಕಿಕೊಂಡೇ ವರ ಬೆರಳು ಚಾಚಿದ. ಮಾವನ ಮನೆಯಲ್ಲಿ ಅಳಿಯನ ಬಾಯಿಗೆ ಮೊದಲು ಬಿದ್ದದ್ದು ಪಾಯಸವಲ್ಲ, ಕಹಿ ಮಾತ್ರೆ! ಆಮೇಲೆ ಧಾರೆಯೂ ಆಯಿತು. ರಕ್ತದಲ್ಲಿ ಮಲೇರಿಯಾ ಇದ್ದದ್ದು ಕೆಲವು ದಿನಗಳ ಮೇಲೆ ಖಚಿತವಾಯಿತು. ನೆರಿಯದ ಆ ಮನೆಯಲ್ಲೂ ಸುತ್ತಮುತ್ತಲೂ ಅಡಗಿಸಿಟ್ಟಿದ್ದ ಜ್ವರಗಳು ಒಂದೊಂದಾಗಿ ಹೊರಬಂದವು. ಭಾವ ಇಂದಿಗೂ ಗಟ್ಟಿಯಾಗಿದ್ದಾರೆ.

ಆದರೆ ಮದುವೆಯ ಸಂಜೆ ಇದೆಲ್ಲ ಯಾರಿಗೆ ಗೊತ್ತಿತ್ತು? ದಿಬ್ಬಣ ಹೊರಟದ್ದೇ ಅಪ್ಪ ಜಗಲಿಯಲ್ಲಿ ಅತ್ತೆಯ ಮೇಲೆ ಹರಿಹಾಯ್ದರು. "ನೆಂಟರ ಎದುರು ಮಾನ ತೆಗೆದೆಯಲ್ಲ! ಒಂದು ಗಳಿಗೆ ತಡೆದುಕೊಳ್ಳಲಿಕ್ಕೆ ಆಗ್ಲಿಲ್ವಾ ನಿನಗೆ?"

ಅತ್ತೆ ಯಾವತ್ತಿನಂತೆ ತಿರುಗಿ ಜಗಳವಾಡಲಿಲ್ಲ. ತಮ್ಮ ಅಂಗೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ನನ್ನ ಧಾರೆಯ ದಿನ ಅವರ ಕೈ ಹೀಗೆಯೇ ಸುಡ್ತಾ ಇತ್ತು. ಗಂಡಸರ ಕೈಯೇ ಹಾಗೆ ಅಂತ ನಾನು ಎಣಿಸಿದೆ. ಅದಕ್ಕೆ ಮೊದಲು ಯಾರ ಕೈ ಹಿಡಿದಿದ್ದೆ ನಾನು, ಗೊತ್ತಾಗ್ಲಿಕ್ಕೆ? ಕೇಳ್ಲಿಕ್ಕೆ ನಾಚಿಕೆ ಆಯ್ತು."

ಅಪ್ಪ ಬಂದು ಅತ್ತೆಯ ಪಕ್ಕದಲ್ಲಿ ಕೂತು, ಶಾಲು ಸರಿಸಿ ಕುತ್ತಿಗೆ ಮುಂದೆ ಚಾಚಿದರು.

"ನೋಡು ಅಕ್ಕ, ನನಗೂ ಉಂಟಾ ಅಂತ."

ಅತ್ತೆ ಕೈಯಿಟ್ಟರು. ಜ್ವರವೇನೂ ಇರಲಿಲ್ಲ. ಆದರೂ ತುಂಬ ಹೊತ್ತು ಅವರು ಕೈ ತೆಗೆಯಲಿಲ್ಲ.