ಮನೆಯೊಳಗೆ ತೋಟ, ತೋಟದೊಳಗೆ ನಾವು

"ಉಪ್ಪೊಂದನ್ನು ಬಿಟ್ಟು ಇನ್ನು ಮುಂದೆ ಈ ಮನೆಗೆ ಹೊರಗಿನಿಂದ ಒಂದು ಹುಲ್ಲುಕಡ್ಡಿಯೂ ಬರಕೂಡದು!" ಎಂದು ಬೆಟ್ಟದ ನೆತ್ತಿಯಲ್ಲಿ ನಿಂತು ಘೋಷಿಸಿದೆ. ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡುತ್ತಾ ಸಾವಿರಾರು ಜನರನ್ನು ಮೇಲೆ ಕಳಿಸಿದವನು ನಾನು. (ಅಪಾರ್ಥ ಬೇಡ, ಮೇಲಿನ ಮಹಡಿಗೆ!) ನಿವೃತ್ತನಾದ ಮೇಲೆ ನಾನೇ ಮೇಲೇರಿ, ಭೂಮಿಗೆ ಚೂರೂ ನೋವಾಗದಂಥ ಪುಟ್ಟ ತೋಟ ಮಾಡಲು ಹೊರಟಿದ್ದೆ.

ಹೆಂಡತಿ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಏರಿಸುತ್ತಾ ಹೇಳಿದಳು: "ಚಳಿಗಾಲ ಮುಗಿಯೋದ್ರೊಳಗೆ ಒಂದೇ ಒಂದು ಎಲೆಕೋಸು ತೋರಿಸಿ. ಇಲ್ಲಾಂದ್ರೆ ನಾನು ಅಕ್ಕನ ಮನೆಗೆ."

"ಒಂದೇನು, ಒಂದು ಗಾಡಿ ತೋರಿಸ್ತೀನಿ!"

ಬೆಟ್ಟ ಇದನ್ನು ಕೇಳಿಸಿಕೊಂಡಿರಬೇಕು. ಮೊದಲ ಮಳೆಗೇ ನನ್ನ ಮೂಲಂಗಿ ಬೀಜವೆಲ್ಲ ಮಣ್ಣಿನ ಸಮೇತ ಜಾರಿ, ಇಳಿಜಾರಿನ ಕೆಳಗಿನ ಅಜ್ಜಿಯ ಹಿತ್ತಲು ಸೇರಿತು. ಅಲ್ಲಿ ತೊಡೆಗಾತ್ರ ಬೆಳೆಯಿತು! ಅಜ್ಜಿ ಕೆಳಗಿನಿಂದಲೇ ಕೂಗಿದರು: "ಹಾಗೇ ಒಂಚೂರು ಕ್ಯಾರೆಟ್ಟೂ ಬಿತ್ತಪ್ಪಾ!"

ಸೋಲುವ ಆಸಾಮಿಯೇ ನಾನು? ಕಲ್ಲು ಹೊತ್ತು ಮೆಟ್ಟಿಲು ಮಡಿ ಕಟ್ಟಿದೆ. ಪ್ಲಾಸ್ಟಿಕ್ ಹಾಳೆ ಹೊದಿಸಿ ಭವ್ಯವಾದ ಪಾಲಿಹೌಸ್ ಎಬ್ಬಿಸಿದೆ. ಹಿಮ ಬಂತು. ನೀರಿನ ಪೈಪು ಕಬ್ಬಿಣದ ಸರಳಾಯಿತು. ಸಸಿಗಳು ನನ್ನ ಮುಖ ನೋಡಲಾಗದೆ ತಲೆ ತಗ್ಗಿಸಿದವು.

"ಒಲೆ ಮೇಲೆ ಬೇಳೆ ಬೇಯ್ತಿಲ್ಲ, ಹೊರಗೆ ಬೆಳೆ ಬೆಳೀತಿಲ್ಲ. ಇನ್ನು ನಿಮ್ಮ ಬೇಳೆ ನನ್ನ ಹತ್ರ ಬೇಯಲ್ಲ!" ಎಂದಳು ಹೆಂಡತಿ.

ನಾನು ಉಪಾಯಗಾರ. ಸಸಿಗಳನ್ನೆಲ್ಲ ಮನೆಯೊಳಗೆ ಸಾಗಿಸಿದೆ. ಟೊಮೇಟೊ ಬೀರುವಿಗೆ, ಸೊಪ್ಪು ಸ್ನಾನದ ಮನೆಗೆ, ಎಲೆಕೋಸು ಕಿಟಕಿಯ ಪಕ್ಕದ ಮಂಚಕ್ಕೆ.

"ನನ್ನ ದಿಂಬೆಲ್ಲಿ?"

"ಅದರ ಮೇಲೆ ಕೋಳಿ ಕಾವಿಗೆ ಕೂತಿದೆ. ಎಬ್ಬಿಸಬೇಡ, ಸಿಟ್ಟು ಜಾಸ್ತಿ."

"ನನಗಿಂತ್ಲೂನಾ?"

ವಾರದೊಳಗೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕುರ್ಚಿಯಲ್ಲಿ ಕೂರಬೇಕಾದರೆ ಕುಂಬಳಬಳ್ಳಿಯ ಅಪ್ಪಣೆ ಬೇಕು! ಕೊನೆಗೆ ಬಿಸಿಲಿರುವಷ್ಟು ಹೊತ್ತು ನಾವಿಬ್ಬರೂ ಖಾಲಿ ಪಾಲಿಹೌಸಿನಲ್ಲಿ ಕಂಬಳಿ ಹೊದ್ದು ಕೂರುವುದೇ ರೂಢಿಯಾಯಿತು.

ಚಳಿಗಾಲದ ಕಡೆಯ ವಾರ, ಪಾಲಿಹೌಸಿನ ಸಹಾಯಧನಕ್ಕೆ ನಾನು ಹಾಕಿದ್ದ ಅರ್ಜಿ ಹಿಡಿದು ತೋಟಗಾರಿಕೆ ಇಲಾಖೆಯ ಅಧಿಕಾರಿ ಬಂದರು. ಮೊದಲು ಮನೆಯೊಳಗೆ ಹೋದವರು ಮಂಚದ ಮುಂದೆ ದಂಗಾಗಿ ನಿಂತರು. ಅಲ್ಲಿ ಫುಟ್‌ಬಾಲಿನಷ್ಟು ದಪ್ಪದ ಎಲೆಕೋಸು!

ನಾನೂ ದಂಗಾದೆ. ಸಾಗಿಸುವ ಗಡಿಬಿಡಿಯಲ್ಲಿ ನೀರು ಹಾಕುವುದನ್ನೇ ಮರೆತಿದ್ದೆನಲ್ಲ!

"ಬೇಳೆ ತೊಳೆದ ನೀರನ್ನ ದಿನಾ ನಾನೇ ಹಾಕ್ತಿದ್ದೆ," ಎಂದಳು ಹೆಂಡತಿ, ಎಲೆಯ ಮೇಲಿನ ಧೂಳು ಒರೆಸುತ್ತಾ. "ಪಾಪದ್ದು, ಇದನ್ನ ಬಿಟ್ಟು ಅಕ್ಕನ ಮನೆಗೆ ಹೇಗೆ ಹೋಗ್ಲಿ?"

ಹೋಗದಿರಲು ಕಾರಣ ಎಲೆಕೋಸು, ನಾನಲ್ಲ. ಆದರೂ ಉಳಿದಳಲ್ಲ!

ಅಧಿಕಾರಿ ಹೊರಗೆ ಬಂದು ಅರ್ಜಿ ಬಿಡಿಸಿದರು. "ಎಲ್ಲ ಸರಿ ಮೇಡಂ, ಪಾಲಿಹೌಸಲ್ಲಿ ಏನು ಬೆಳೀತಿದೀರಿ?"

ಆಕೆ ಕಂಬಳಿ ಸುತ್ತಿಕೊಂಡು ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರನ್ನೇ ಸಾರ್. ಮದುವೆಯಾದಾಗಿನಿಂದ ಹೊತ್ತುಹೊತ್ತಿಗೆ ಎಲ್ಲಾ ಹಾಕ್ತಿದೀನಿ. ಬುದ್ಧಿಯೊಂದು ಇನ್ನೂ ಮೊಳೀತಿಲ್ಲ!"

ಅಧಿಕಾರಿ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಬರೆದುಕೊಂಡರು: "ತಳಿ: ಹಳೆಯದು. ಇಳುವರಿ: ಇಲ್ಲ. ಕಳೆ ಎಂದು ಕೀಳುವಂತಿಲ್ಲ, ಮನೆಯವರಿಗೆ ಅಭ್ಯಾಸವಾಗಿದೆ."